ನನ್ನ ಬೆನ್ನು ಅಡ್ಜಸ್ಟ್ ಮಾಡ್ಕೊಳ್ಳಲ್ಲ

ಕಳೆದ ತಿಂಗಳು ತಿಪಟೂರಿನಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಮಗ, ಅಂದ್ರೆ ನನ್ನ ಚಿಕ್ಕಪ್ಪನ ಮಗ, ನನ್ನ ತಮ್ಮ, ಅವನಿಗೆ 22 ವರ್ಷ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಮೊದಲ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು.

"ಅವನಿಗೆ ಬೆನ್ನು ನೋವು ಕಣೆ, ನಾಲ್ಕು ತಿಂಗಳಾಯ್ತಂತೆ. ಬೆಳಿಗ್ಗೆ ಎದ್ದೇಳಕ್ಕೇ ಆಗಲ್ಲ. ಊರಿಗೆ ಕರೆಸ್ಕೊಂಡಿದೀವಿ. ಹದಿನೈದು ದಿನ ಮಲಗಿ ರೆಸ್ಟ್ ಮಾಡಿದ್ರೆ ಸರಿ ಹೋಗ್ತಾನೆ. ಹೊಸ ಹಾಸಿಗೆನೂ ತಂದ್ವಿ."

"ಮಲಗಿದ್ರೆ ಕಮ್ಮಿ ಆಗ್ತಿದ್ಯಾ ಚಿಕ್ಕಮ್ಮ?"

"ಅದೇ ವಿಚಿತ್ರ ನೋಡು. ಮಲಗಿದಷ್ಟೂ ಜಾಸ್ತಿ ಅಂತಾನೆ. ತೋಟದ ಕಡೆ ಒಂದು ರೌಂಡ್ ಹೋಗಿ ಬಂದ್ರೆ ಆರಾಮ ಅಂತಾನೆ. ನೋವಿದ್ದೋನು ತೋಟ ಸುತ್ತುತಾನಾ, ಕೆಲಸಕ್ಕೆ ಹೋಗಕ್ಕೆ ಇಷ್ಟ ಇಲ್ಲ, ನಾಟಕ ಅಂತ ನಿಮ್ ಚಿಕ್ಕಪ್ಪ ಬಯ್ತಿದಾರೆ. ನಾನು ಹೇಳ್ದೆ, ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳಪ್ಪಾ ಅಂತ."

ಈ ಮಾತುಗಳು ನನಗೆ ಬಾಯಿಪಾಠ. ಒಂಬತ್ತು ವರ್ಷದ ಹಿಂದೆ ಇದೇ ಕಥೆ ನಮ್ಮನೆಯಲ್ಲಿ ನಡೆದಿತ್ತು. ಮಲಗಿದ್ದವಳು ನಾನು, ಅಷ್ಟೇ ವ್ಯತ್ಯಾಸ.

ಬೆಂಗಳೂರಿಗೆ ಒಂದು ಧ್ಯೇಯವಾಕ್ಯ ಅಂತ ಇದ್ರೆ ಅದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ". ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದಾಗ ಇದು ಒಳ್ಳೆಯ ಮಾತು, ನಾನೂ ಸರಿದು ಜಾಗ ಕೊಡ್ತೀನಿ. ಆದರೆ ಇದೇ ಮಾತನ್ನು ನೋವಿಗೆ ಹೇಳುವುದು ನಮ್ಮ ಜನರ ಅತಿ ದುಬಾರಿ ದುರಭ್ಯಾಸ ಅಂತ ನನ್ನ ವಾದ. ದುಬಾರಿ ಅಂದಿದ್ದು ದುಡ್ಡಿನ ಲೆಕ್ಕದಲ್ಲಲ್ಲ. ನನಗೆ ಅದರ ಬೆಲೆ ಆರು ವರ್ಷ, ಮತ್ತೆಂದೂ ಅಲುಗಾಡದ ಒಂದು ಕೀಲು.

ಮೊದಲಿಂದ ಹೇಳ್ತೀನಿ.

ನನಗಾಗ 24. ಬೆಳಗಿನ ಜಾವ ಮೂರೂವರೆ, ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಸೊಂಟದ ಕೆಳಗೆ, ಒಂದು ದಿನ ಎಡಗಡೆ, ಇನ್ನೊಂದು ದಿನ ಬಲಗಡೆ, ಒಳಗಿನಿಂದ ಯಾರೋ ಹಿಂಡಿದ ಹಾಗೆ. ಮಗ್ಗುಲು ಬದಲಿಸಬೇಕು ಅಂದ್ರೆ ಮಂಚದ ಪಟ್ಟಿ ಹಿಡ್ಕೊಂಡು ತಿರುಗಬೇಕಿತ್ತು. ಬೆಳಿಗ್ಗೆ ಎದ್ದರೆ ಬೆನ್ನು ಹಲಗೆ. ಬಗ್ಗಿ ಸಾಕ್ಸ್ ಹಾಕೋಕೆ ಆಗ್ತಿರಲಿಲ್ಲ, ಮುಖ ತೊಳೆಯೋಕೆ ಸಿಂಕಿನ ಮೇಲೆ ಎರಡೂ ಕೈ ಊರಬೇಕಿತ್ತು. ಹತ್ತೂವರೆ ಹನ್ನೊಂದರ ಹೊತ್ತಿಗೆ, ಬಸ್ಸು ಹತ್ತಿ ಇಳಿದು, ಆಫೀಸಿನಲ್ಲಿ ನಾಲ್ಕು ಸಲ ಓಡಾಡಿದ ಮೇಲೆ ಮನುಷ್ಯಳಾಗುತ್ತಿದ್ದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನನ್ನು ನೋಡಿದವರು ಯಾರೂ ಬೆಳಗಿನ ನನ್ನನ್ನು ನಂಬುತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ನಾನೇ ನಂಬುತ್ತಿರಲಿಲ್ಲ.

ಎಲ್ಲರ ಹತ್ತಿರವೂ ಉತ್ತರ ಇತ್ತು. ಅಮ್ಮ: ಲ್ಯಾಪ್‌ಟಾಪ್ ಮುಂದೆ ಕೂತೂ ಕೂತೂ ಹೀಗಾಗಿದೆ. ಅಜ್ಜಿ: ವಾಯು, ಬದನೆಕಾಯಿ ಆಲೂಗಡ್ಡೆ ಬಿಡು. ಟೀಮಿನವರು: ಚೇರ್ ಸರಿ ಇಲ್ಲ. ದೊಡ್ಡಮ್ಮ: ಹೆಣ್ಣುಮಕ್ಕಳಿಗೆ ಬೆನ್ನು ನೋವು ಇದ್ದಿದ್ದೇ. ಮೊದಲು ತೋರಿಸಿದ ಡಾಕ್ಟ್ರು ಎಕ್ಸ್‌ರೇ ನೋಡಿ "ಏನೂ ಇಲ್ಲ, ನಾರ್ಮಲ್" ಅಂದರು. ಎರಡನೆಯವರು ವಿಟಮಿನ್ ಡಿ ಕಮ್ಮಿ ಅಂದರು. ಬೆಂಗಳೂರಿನಲ್ಲಿ ಎಸಿ ಆಫೀಸಿನಲ್ಲಿ ಕೂರುವ ಯಾರಿಗೆ ವಿಟಮಿನ್ ಡಿ ಜಾಸ್ತಿ ಇರುತ್ತೆ, ಹೇಳಿ? ಮೂರನೆಯವರು ಸೊಂಟದ ಬೆಲ್ಟು ಕೊಟ್ಟು ಮೂರು ವಾರ ಬೆಡ್ ರೆಸ್ಟ್ ಬರೆದರು. ನಾಲ್ಕನೆಯವರು ಅಮ್ಮನ ಕಡೆ ತಿರುಗಿ, "ಮದುವೆ ಮಾಡಿಬಿಡಿ, ಎಲ್ಲಾ ಸರಿ ಹೋಗುತ್ತೆ" ಅಂದರು. ಅಮ್ಮ ನಕ್ಕರು. ನಾನೂ ನಕ್ಕೆ. ಅಡ್ಜಸ್ಟ್ ಮಾಡ್ಕೊಳ್ಳೋದು ಅಂದ್ರೆ ಇದೇ.

ಆ ಮೂರು ವಾರದ ಬೆಡ್ ರೆಸ್ಟ್ ನನ್ನ ಜೀವನದ ಅತಿ ಕೆಟ್ಟ ಮೂರು ವಾರ. ಮಲಗಿದಷ್ಟೂ ಬಿಗಿಯಿತು. ಬಿಗಿದಷ್ಟೂ "ಇನ್ನೂ ರೆಸ್ಟ್ ಬೇಕು" ಅಂದರು.

ಕೊನೆಗೆ ನನ್ನ ಬೆನ್ನಿನ ಕಾಯಿಲೆ ಕಂಡುಹಿಡಿದದ್ದು ಯಾರು ಗೊತ್ತಾ? ಕಣ್ಣಿನ ಡಾಕ್ಟ್ರು. 30ನೇ ವಯಸ್ಸಿಗೆ ಒಂದು ಸೋಮವಾರ ಎಡಗಣ್ಣು ಕೆಂಡದ ಹಾಗೆ ಕೆಂಪಾಯ್ತು. ನೋವು, ಬೆಳಕು ನೋಡೋಕಾಗಲ್ಲ, ಮಂಜು ಮಂಜು. ಮದ್ರಾಸ್ ಐ ಇರಬೇಕು ಅಂತ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡು ಎರಡು ದಿನ ಕೂತಿದ್ದೆ. ಮೂರನೇ ದಿನ ಹೋದಾಗ ಆ ಡಾಕ್ಟ್ರು ಕಣ್ಣು ಪರೀಕ್ಷೆ ಮಾಡಿ, "ಇದು ಯುವಿಐಟಿಸ್, ಕಣ್ಣಿನ ಒಳಗಿನ ಉರಿಯೂತ" ಅಂದರು. ಆಮೇಲೆ ತಲೆ ಎತ್ತದೆ, ಬರೆಯುತ್ತಲೇ, "ಬೆಳಿಗ್ಗೆ ಎದ್ದಾಗ ಬೆನ್ನು ಹಿಡ್ಕೊಳುತ್ತಾ?" ಅಂತ ಕೇಳಿದರು.

ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಎಲ್ಲಿ ನೋವು ಅಂತ ಕೇಳಿದ್ದರು. ಯಾವಾಗ ನೋವು, ಏನು ಮಾಡಿದರೆ ಕಮ್ಮಿ ಆಗುತ್ತೆ ಅಂತ ಯಾರೂ ಕೇಳಿರಲಿಲ್ಲ.

ರುಮಟಾಲಜಿಸ್ಟ್ ಹತ್ತಿರ ಕಳಿಸಿದರು. ರಕ್ತಪರೀಕ್ಷೆ, ಎಂಆರ್‌ಐ, ಹೊಸ ಎಕ್ಸ್‌ರೇ. ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಮ್ಮನೆಯಲ್ಲಿ ಇದನ್ನು "ಸ್ಪಾಂಡಿಲೈಟಿಸ್" ಅಂತ ಮೊಟಕು ಮಾಡಿ, "ಓ, ಅದಾ, ನಮ್ಮ ಮಾವನಿಗೂ ಇತ್ತು, ಕುತ್ತಿಗೆ ಪಟ್ಟಿ ಹಾಕ್ಕೊಂಡ್ರು" ಅಂದರು. ಅದಲ್ಲ ಸ್ವಾಮಿ. ಮಾವನದು ವಯಸ್ಸಾದಂತೆ ಮೂಳೆ ಸವೆಯುವುದು, ಸ್ಪಾಂಡಿಲೋಸಿಸ್. ನನ್ನದು ಸವೆತ ಅಲ್ಲ, ಉರಿ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬೆನ್ನುಮೂಳೆಯ ತುದಿ ಸೊಂಟದ ಮೂಳೆಗೆ ಸೇರುವ ಜಾಗದಲ್ಲಿ ಎರಡು ಕೀಲುಗಳಿವೆ, ಎಡಕ್ಕೊಂದು ಬಲಕ್ಕೊಂದು. ಸಾಮಾನ್ಯವಾಗಿ ಅಲ್ಲಿ ಶುರು. ಅದಕ್ಕೇ ನೋವು ಪಕ್ಕ ಬದಲಿಸುತ್ತಿದ್ದದ್ದು. ಉರಿಯೂತ ವರ್ಷಗಟ್ಟಲೆ ಮುಂದುವರಿದರೆ ದೇಹ ಆ ಜಾಗದಲ್ಲಿ ಹೊಸ ಮೂಳೆ ಬೆಳೆಸುತ್ತದೆ, ಕೀಲು ಬೆಸೆದುಕೊಳ್ಳುತ್ತದೆ. ಎಲ್ಲರಿಗೂ ಅಲ್ಲಿಯವರೆಗೆ ಹೋಗುವುದಿಲ್ಲ. ಹೋದರೆ ಹಿಂದಕ್ಕೆ ಬರುವ ದಾರಿ ಇಲ್ಲ. ನನ್ನ ಬಲಗಡೆಯ ಕೀಲು ಬೆಸೆದುಹೋಗಿದೆ.

ಇನ್ನೊಂದು ವಿಷಯ. ಎಕ್ಸ್‌ರೇಯಲ್ಲಿ ಕಾಣುವುದು ಹಾನಿ. ಹಾನಿ ಆಗುವುದಕ್ಕೆ ವರ್ಷಗಳು ಬೇಕು. ಉರಿಯೂತ ಮೊದಲು ಕಾಣುವುದು ಎಂಆರ್‌ಐಯಲ್ಲಿ. ಹಾಗಾಗಿ "ಎಕ್ಸ್‌ರೇ ನಾರ್ಮಲ್, ನಿಮಗೇನೂ ಇಲ್ಲ" ಎನ್ನುವ ಮಾತಿನ ನಿಜವಾದ ಅರ್ಥ "ನಿಮ್ಮ ಕೀಲು ಇನ್ನೂ ಹಾಳಾಗಿಲ್ಲ, ಹಾಳಾದ ಮೇಲೆ ಬನ್ನಿ" ಅಂತ. ಈ ಕಾಯಿಲೆಗೆ ಎಂಆರ್‌ಐಯನ್ನೂ ಸೇರಿಸಿಕೊಂಡ ಹೊಸ ಮಾನದಂಡಗಳು 2009ರಲ್ಲೇ ಬಂದಿವೆ. ನನಗೆ ಆ ನಾರ್ಮಲ್ ಎಕ್ಸ್‌ರೇ ಕೈಗೆ ಸಿಕ್ಕಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ.

ರೆಸ್ಟ್ ವಿಷಯಕ್ಕೆ ಬರೋಣ. ನಮ್ಮಲ್ಲಿ ನೋವು ಅಂದ ತಕ್ಷಣ ಮಲಗಿಸುತ್ತೇವೆ. ಭಾರ ಎತ್ತಿ ಬೆನ್ನು ಉಳುಕಿದವರಿಗೆ ಒಂದೆರಡು ದಿನ ಸರಿ ಇರಬಹುದು. ಉರಿಯೂತದ ಬೆನ್ನುನೋವಿನ ಗುರುತೇ ಅದರ ವಿರುದ್ಧ: ವಿಶ್ರಾಂತಿಯಲ್ಲಿ ಹೆಚ್ಚುತ್ತದೆ, ಚಲನೆಯಲ್ಲಿ ಇಳಿಯುತ್ತದೆ. ತೋಟ ಸುತ್ತಿ ಬಂದರೆ ಆರಾಮ ಅನ್ನುವ ಹುಡುಗ ನಾಟಕ ಮಾಡುತ್ತಿಲ್ಲ. ಅವನು ತನ್ನ ಕಾಯಿಲೆಯ ಅತಿ ಮುಖ್ಯ ಲಕ್ಷಣವನ್ನು ಬಾಯಿಬಿಟ್ಟು ಹೇಳುತ್ತಿದ್ದಾನೆ. ನಾವು ಅದನ್ನೇ ಅವನ ವಿರುದ್ಧದ ಸಾಕ್ಷಿ ಮಾಡಿಕೊಂಡಿದ್ದೇವೆ.

ತಪ್ಪು ಸಲಹೆಯ ಇತಿಹಾಸ ನಮ್ಮದೊಂದೇ ಅಲ್ಲ. ಕಳೆದ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಈ ರೋಗಿಗಳ ಬೆನ್ನಿಗೆ ಎಕ್ಸ್‌ರೇ ವಿಕಿರಣ ಹಾಯಿಸುತ್ತಿದ್ದರು. ನೋವೇನೋ ಇಳಿಯುತ್ತಿತ್ತು. 1957ರಲ್ಲಿ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಲೆಕ್ಕ ಹಾಕಿ ನೋಡಿದಾಗ ಅಂಥವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದು ಬಯಲಾಯಿತು. ಅವರು ಲೆಕ್ಕ ಹಾಕಿದರು, ತಪ್ಪು ಅಂತ ಗೊತ್ತಾಯಿತು, ಬಿಟ್ಟರು. ನಾವು ಯಾವ ಲೆಕ್ಕವನ್ನೂ ಹಾಕದೆ ಇವತ್ತಿಗೂ ಹುಡುಗರನ್ನು ಮಲಗಿಸುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಹೇಳಬೇಕು. ಬಹಳ ಕಾಲ ಇದನ್ನು ಗಂಡಸರ ಕಾಯಿಲೆ ಅಂತಲೇ ಪುಸ್ತಕಗಳಲ್ಲಿ ಬರೆದಿದ್ದರು. ಬಗ್ಗಿಹೋದ ಬೆನ್ನಿನ ಗಂಡಸಿನ ಚಿತ್ರ ನೋಡಿ ಕಲಿತ ಡಾಕ್ಟ್ರಿಗೆ ಎದುರಿಗೆ ಕೂತ ಹುಡುಗಿಯಲ್ಲಿ ಆ ಕಾಯಿಲೆ ಕಾಣುವುದಿಲ್ಲ. ಹೆಂಗಸರಲ್ಲಿ ಮೂಳೆ ಬೆಸೆಯುವುದು ಗಂಡಸರಷ್ಟು ಇರದೇ ಇರಬಹುದು, ನೋವು ಮಾತ್ರ ಕಮ್ಮಿ ಇಲ್ಲ. ಎಕ್ಸ್‌ರೇಯಲ್ಲಿ ಕಾಣದ ನೋವು, ಜೊತೆಗೆ ಹೆಣ್ಣಿನ ನೋವು: ಎರಡಕ್ಕೂ ನಮ್ಮಲ್ಲಿ ಮಾರ್ಕ್ಸ್ ಇಲ್ಲ. ಪ್ರಪಂಚದ ಬೇರೆ ಬೇರೆ ಕಡೆಯ ಅಧ್ಯಯನಗಳಲ್ಲಿ ಈ ಕಾಯಿಲೆ ಪತ್ತೆಯಾಗಲು ಸರಾಸರಿ ಹಲವು ವರ್ಷ ಹಿಡಿಯುತ್ತದೆ ಅಂತಲೂ, ಹೆಂಗಸರಿಗೆ ಇನ್ನೂ ತಡವಾಗುತ್ತದೆ ಅಂತಲೂ ಮತ್ತೆ ಮತ್ತೆ ಕಂಡುಬಂದಿದೆ. ಮುಟ್ಟಿನ ನೋವು, ಮನೆಕೆಲಸದ ನೋವು, ಬಾಣಂತನದ ನೋವು, ಹೀಗೆ ಹೆಣ್ಣಿನ ಬೆನ್ನಿಗೆ ನಾವು ಮೊದಲೇ ಎಷ್ಟೊಂದು ಹೆಸರು ಕೊಟ್ಟಿದ್ದೇವೆ ಅಂದ್ರೆ ನಿಜವಾದ ಹೆಸರಿಗೆ ಅಲ್ಲಿ ಜಾಗವೇ ಉಳಿದಿಲ್ಲ.

ಇನ್ನು ಆಫೀಸು. ನಮ್ಮ ಟೀಮಿನಲ್ಲಿ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡ್-ಅಪ್ ಮೀಟಿಂಗ್. ನಿಂತುಕೊಂಡು ಮಾಡಬೇಕಾದ ಮೀಟಿಂಗು, ನನಗೆ ನಿಂತುಕೊಳ್ಳೋದೇ ದಿನದ ಮೊದಲ ಪ್ರಾಜೆಕ್ಟು. ಅದನ್ನು ಹನ್ನೊಂದಕ್ಕೆ ಇಟ್ಟುಕೊಳ್ಳೋಣವಾ ಅಂತ ಕೇಳಿದೆ. ಬೆಳಿಗ್ಗೆ ಬೇಗ ಆಗುವುದಿಲ್ಲ, ಸಂಜೆ ಎಷ್ಟು ಹೊತ್ತಾದರೂ ಕೂರುತ್ತೇನೆ ಅಂತಲೂ ಹೇಳಿದೆ. ಮ್ಯಾನೇಜರ್ ಒಳ್ಳೆಯವರೇ. "ನೋಡೋಕೆ ಆರಾಮಾಗಿದೀರಲ್ಲ" ಅಂದರು. ಮರುದಿನ ಎಚ್‌ಆರ್ ಕಡೆಯಿಂದ ಬೆನ್ನುನೋವಿಗೆ ಸರಿಯಾಗಿ ಕೂರುವ ವಿಧಾನದ ಬಗ್ಗೆ ವೆಬಿನಾರಿನ ಲಿಂಕ್ ಬಂತು. ಒಂದೂವರೆ ಗಂಟೆ ಕೂತು ನೋಡಬೇಕಂತೆ.

ಆಫೀಸಿನವರಿಗೆ ದುಬಾರಿ ಚೇರ್ ಕೊಡುವುದು ಸುಲಭ. ಸಮಯ ಕೊಡುವುದು ಕಷ್ಟ. ಆದರೆ ನನಗೆ ಬೇಕಿರುವುದು ಕೂರುವುದಕ್ಕೆ ಒಳ್ಳೆಯ ಚೇರ್ ಅಲ್ಲ, ಚೇರ್‌ನಿಂದ ಏಳುವುದಕ್ಕೆ ಅನುಮತಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿದರೆ "ಈ ಯಮ್ಮ ಸೀಟಲ್ಲಿ ಇರೋದೇ ಇಲ್ಲ" ಅನ್ನದ ಒಂದು ಟೀಮು.

ಕಾನೂನು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಈ ಕಾಯಿಲೆಯ ಹೆಸರಿಲ್ಲ. ಚಲನೆಗೆ ಸಂಬಂಧಿಸಿದ ವೈಕಲ್ಯ ಅಂತ ತೋರಿಸಬಹುದು, ಆದರೆ ಹೆಚ್ಚಿನ ಸವಲತ್ತಿಗೆ ಕನಿಷ್ಠ ಶೇ. 40 ಅಂತ ಪ್ರಮಾಣಪತ್ರ ಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಅಳತೆ ಮಾಡಿದರೆ ನಾನು ಚೆನ್ನಾಗಿಯೇ ಬಗ್ಗುತ್ತೇನೆ. ಬೆಳಗಿನ ಐದು ಗಂಟೆಗೆ ನಮ್ಮನೆಗೆ ಬಂದು ಅಳೆಯುವ ವೈದ್ಯಕೀಯ ಮಂಡಳಿ ಎಲ್ಲಿದೆ? ಅದೇ ಕಾಯ್ದೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು ಅನ್ನುತ್ತದೆ. ನಿಮ್ಮ ಕಂಪನಿಯ ಇಂಟ್ರಾನೆಟ್ಟಿನಲ್ಲಿ ಅದು ಎಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿ. ನಮ್ಮಲ್ಲಿ ಹುಡುಕಲು ನನಗೆ ನಾಲ್ಕು ದಿನ, ಮೂರು ಇಮೇಲ್ ಬೇಕಾಯಿತು. ಸಿಕ್ಕಿದ ಮೇಲೆ ಅದನ್ನು ಮುಂದಿಟ್ಟು ಇನ್ನೊಮ್ಮೆ ಕೇಳಿದೆ. ಈಗ ಸ್ಟ್ಯಾಂಡ್-ಅಪ್ ಹನ್ನೊಂದಕ್ಕೆ. ಯಾವ ಪ್ರಾಜೆಕ್ಟೂ ಮುಳುಗಿಲ್ಲ. ತಮಾಷೆ ಅಂದ್ರೆ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ಇಬ್ಬರು ಆಮೇಲೆ ಬಂದು ಥ್ಯಾಂಕ್ಸ್ ಹೇಳಿದರು.

ಔಷಧದ ಮಾತು. ಮೊದಲು ಉರಿಯೂತ ಇಳಿಸುವ ನೋವಿನ ಮಾತ್ರೆಗಳು. ಅನೇಕರಿಗೆ ಅಷ್ಟರಲ್ಲೇ ಹತೋಟಿಗೆ ಬರುತ್ತದೆ. "ಪೇಯ್ನ್ ಕಿಲ್ಲರ್ ತಗೊಂಡ್ರೆ ಕಿಡ್ನಿ ಹೋಗುತ್ತೆ" ಅಂತ ಮನೆಯಲ್ಲಿ ಹೆದರಿಸುತ್ತಾರೆ. ಡಾಕ್ಟ್ರು ಹೇಳಿದ ಪ್ರಮಾಣದಲ್ಲಿ, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿಕೊಂಡು ತೆಗೆದುಕೊಳ್ಳುವುದು ಬೇರೆ, ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವುದು ಬೇರೆ. ಮಾತ್ರೆ ಸಾಲದಿದ್ದರೆ ಬಯಾಲಜಿಕ್ ಅನ್ನುವ ಇಂಜೆಕ್ಷನ್‌ಗಳು. ನನಗೆ ಅಡಲಿಮುಮ್ಯಾಬ್, ಎರಡು ವಾರಕ್ಕೊಮ್ಮೆ, ನಾನೇ ಚುಚ್ಚಿಕೊಳ್ಳುತ್ತೇನೆ. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಕಡ್ಡಾಯ, ಯಾಕಂದ್ರೆ ಒಳಗೆ ಮಲಗಿರುವ ಟಿಬಿಯನ್ನು ಈ ಔಷಧ ಎಬ್ಬಿಸಬಹುದು. ನಮ್ಮ ದೇಶದಲ್ಲಿ ಅದು ಸಣ್ಣ ಮಾತಲ್ಲ. ಈ ಔಷಧದ ಮೂಲ ಬ್ರ್ಯಾಂಡಿಗೆ ಸಮಾನವಾದ, ಕಮ್ಮಿ ಬೆಲೆಯ ರೂಪವನ್ನು ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದದ್ದು ಭಾರತದ ಜೈಡಸ್ ಕಂಪನಿ, 2014ರಲ್ಲಿ. ಅಂದ್ರೆ ನನಗೆ ನೋವು ಶುರುವಾಗುವ ಮೊದಲೇ ಔಷಧ ಈ ದೇಶದಲ್ಲಿತ್ತು. ಇಲ್ಲದಿದ್ದದ್ದು ಒಂದು ಪ್ರಶ್ನೆ ಮಾತ್ರ.

ಕಮ್ಮಿ ಬೆಲೆ ಅಂದರೂ ತಿಂಗಳ ಖರ್ಚು ನನ್ನ ಮನೆ ಬಾಡಿಗೆಯ ಜೊತೆ ಪೈಪೋಟಿ ಮಾಡುತ್ತದೆ. ವಿಮೆಯವರಿಗೆ ಬಿಲ್ ಕಳಿಸಿದೆ. 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿಲ್ಲ, ಹಾಗಾಗಿ ಕ್ಲೇಮ್ ತಿರಸ್ಕೃತ ಅಂತ ಉತ್ತರ. ಆಸ್ಪತ್ರೆಗೆ ಸೇರದ ಹಾಗೆ ನೋಡಿಕೊಳ್ಳುವ ಔಷಧಕ್ಕೆ, ಆಸ್ಪತ್ರೆಗೆ ಸೇರಿಲ್ಲ ಅಂತ ದುಡ್ಡು ಕೊಡುವುದಿಲ್ಲ. ಆ ವಾಕ್ಯವನ್ನು ನಾನು ಮೂರು ಸಲ ಓದಿದೆ. ನೀವೂ ಓದಿ.

ಈಗ "ಸಹನೆ"ಯ ವಿಷಯ. ನನಗೆ ಈ ಕಾಯಿಲೆ ಅಂತ ಗೊತ್ತಾದ ಮೇಲೆ ಒಬ್ಬ ಗೆಳೆಯ ಒಂದು ಸ್ಫೂರ್ತಿಯ ಕಥೆ ಕಳಿಸಿದ. ಇಂಗ್ಲೆಂಡ್ ಕ್ರಿಕೆಟ್ ನಾಯಕ ಮೈಕ್ ಆಥರ್ಟನ್‌ಗೂ ಇದೇ ಕಾಯಿಲೆ. 1995ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 643 ನಿಮಿಷ ಕ್ರೀಸಿನಲ್ಲಿ ನಿಂತು, ಔಟಾಗದೆ 185 ರನ್ ಹೊಡೆದು ಟೆಸ್ಟ್ ಉಳಿಸಿದವನು ಆತ. "ಅವನಿಗೆ ಆಗೋದಾದ್ರೆ ನಿನಗ್ಯಾಕೆ ಆಗಲ್ಲ?" ಅಂತ ಕೊನೆಗೊಂದು ಸಾಲು.

ಆ ಇನಿಂಗ್ಸ್ ದೊಡ್ಡದೇ. ಆದರೆ ಆತ 33ನೇ ವಯಸ್ಸಿಗೆ ಆಟ ಬಿಟ್ಟ ಅನ್ನೋದನ್ನ ಆ ಫಾರ್ವರ್ಡ್ ಹೇಳುವುದಿಲ್ಲ. ಇಂಥ ಕಥೆಗಳು ಕಾಯಿಲೆ ಇರುವವರಿಗಾಗಿ ಬರೆದದ್ದಲ್ಲ. ಕಾಯಿಲೆ ಇಲ್ಲದವರು ಹಗುರಾಗುವುದಕ್ಕೆ ಬರೆದದ್ದು. ಒಬ್ಬ ಸಹಿಸಿದ ಅಂದ ಮೇಲೆ ಉಳಿದವರಿಗಾಗಿ ಯಾರೂ ಏನೂ ಬದಲಾಯಿಸಬೇಕಿಲ್ಲ: ಮೀಟಿಂಗ್ ಸಮಯ ಬೇಡ, ವಿಮೆಯ ನಿಯಮ ಬೇಡ, ಡಾಕ್ಟ್ರು ಕೇಳುವ ಪ್ರಶ್ನೆ ಬೇಡ. ಸಹನೆಯನ್ನು ಹೊಗಳುವುದು ನಮಗೆ ಪುಕ್ಕಟೆ. ಅದರ ಬಿಲ್ ಕಟ್ಟುವವರು ಸಹಿಸಿಕೊಂಡವರು. ಈ ಕಾಯಿಲೆಯಲ್ಲಂತೂ ಸಹನೆ ಗುಣ ಅಲ್ಲ, ಅದೊಂದು ಅಪಾಯ. ನಾನು ಚೆನ್ನಾಗಿ ಸಹಿಸಿದೆ. ಅದಕ್ಕೇ ತಡವಾಯಿತು.

ಹಾಗಾದ್ರೆ ಈಗ ಹೇಗಿದ್ದೀಯ ಅಂತ ಕೇಳುವವರಿಗೆ ನೇರ ಉತ್ತರ. ವಾಸಿಯಾಗಿಲ್ಲ. ಇದಕ್ಕೆ ಪೂರ್ತಿ ವಾಸಿ ಅಂತ ಇವತ್ತಿಗೆ ಇಲ್ಲ, ಹತೋಟಿ ಇದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಅಲಾರಂ. ಮೊದಲು ಬಿಸಿನೀರು, ಸೊಂಟಕ್ಕೆ ಬೀಳುವ ಹಾಗೆ ಹತ್ತು ನಿಮಿಷ. ಆಮೇಲೆ ಚಾಪೆ ಹಾಸಿ ಫಿಸಿಯೋ ಕಲಿಸಿದ ಇಪ್ಪತ್ತೈದು ನಿಮಿಷದ ವ್ಯಾಯಾಮ: ಬೆನ್ನು ಹಿಂದಕ್ಕೆ ಬಾಗಿಸುವುದು, ಸೊಂಟ ತಿರುಗಿಸುವುದು, ಎದೆಗೂಡು ಬಿರಿಯುವ ಹಾಗೆ ಉಸಿರೆಳೆಯುವುದು. ಪಕ್ಕೆಲುಬಿನ ಕೀಲುಗಳೂ ಬಿಗಿಯುವ ಕಾಯಿಲೆ ಇದು, ಉಸಿರಾಟವೂ ವ್ಯಾಯಾಮವೇ. ವಾರಕ್ಕೆ ಎರಡು ದಿನ ಈಜು. ತಲೆಗೆ ತೆಳುವಾದ ಒಂದೇ ದಿಂಬು, ಕುತ್ತಿಗೆ ಮುಂದಕ್ಕೆ ಬಾಗಿ ಹಾಗೇ ನಿಲ್ಲಬಾರದು ಅಂತ. ಸಿಗರೇಟು ಬಿಟ್ಟೆ. ಹೊಗೆ ಈ ಕಾಯಿಲೆಯನ್ನು ಜೋರು ಮಾಡುತ್ತದೆ. ಅಮ್ಮನಿಗೆ ನಾನು ಸೇದುತ್ತಿದ್ದೆ ಅಂತ ಈ ಪುಸ್ತಕದಿಂದಲೇ ಗೊತ್ತಾಗಬೇಕು.

ಊರಿಗೆ ಹೋಗುವಾಗ ಇಂಜೆಕ್ಷನ್ ಐಸ್ ಪ್ಯಾಕ್ ಡಬ್ಬಿಯಲ್ಲಿ, 2ರಿಂದ 8 ಡಿಗ್ರಿ ದಾಟಬಾರದು. ತಿಪಟೂರಿನಲ್ಲಿ ಕರೆಂಟ್ ಹೋದರೆ ಎಲ್ಲರೂ ಫ್ಯಾನ್ ನೋಡ್ತಾರೆ, ನಾನು ಫ್ರಿಡ್ಜ್ ನೋಡ್ತೀನಿ. ಕೆಲವು ವಾರ ಚೆನ್ನಾಗಿರುತ್ತೇನೆ, ಕಾಯಿಲೆಯೇ ಮರೆತುಹೋಗುವಷ್ಟು. ಕೆಲವು ವಾರ ಕಾರಣವಿಲ್ಲದೆ ಮರಳುತ್ತದೆ. ನೋವಿಗಿಂತ ಸುಸ್ತು ಕೆಟ್ಟದ್ದು. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯಿಡೀ ಮೂಟೆ ಹೊತ್ತ ಹಾಗೆ. ಅಂಥ ದಿನ ಅಡುಗೆ ಇಲ್ಲ, ಫೋನ್ ಇಲ್ಲ. "ಇವತ್ತು ಆಗಲ್ಲ" ಅಂತ ಎರಡೇ ಪದ. ಈ ಎರಡು ಪದ ಹೇಳೋಕೆ ಕಲಿತದ್ದು ಯಾವ ವ್ಯಾಯಾಮಕ್ಕೂ ಕಮ್ಮಿ ಇಲ್ಲ.

ಮನೆಯವರ ಇನ್ನೊಂದು ಸಲಹೆಯನ್ನೂ ಹೇಳಿಬಿಡ್ತೀನಿ. "ಹುಡುಗನ ಮನೆಯವರಿಗೆ ಇದನ್ನೆಲ್ಲ ಹೇಳಬೇಡ." ಇಂಜೆಕ್ಷನ್ ಎಲ್ಲಿ ಬಚ್ಚಿಡಲಿ, ಮೊಸರಿನ ಪಾತ್ರೆ ಹಿಂದೆಯಾ? ನಾನು ಹೇಳಿದೆ. ಎರಡು ಸಂಬಂಧ ತಪ್ಪಿದವು. ಮೂರನೆಯವನು ನೇರವಾಗಿ, "ಬೆಳಿಗ್ಗೆ ಕಾಫಿ ನಾನು ಮಾಡಬೇಕು ಅಂತ ಅರ್ಥ ಅಲ್ವಾ?" ಅಂತ ಕೇಳಿದ. ಹೌದು ಅಂದೆ. ಈಗ ಅವನೇ ಮಾಡ್ತಾನೆ. ಚೆನ್ನಾಗಿರಲ್ಲ, ಕುಡೀತೀನಿ. ಈ ಒಂದು ವಿಷಯದಲ್ಲಿ ಅಡ್ಜಸ್ಟ್ ಮಾಡ್ಕೊಂಡಿದೀನಿ.

ನನ್ನ ಈ ವಾದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. "ಬೆನ್ನು ನೋವು ಅರ್ಧ ಊರಿಗಿದೆ. ಎಲ್ಲರೂ ಎಂಆರ್‌ಐಗೆ ಓಡಬೇಕಾ? ಸುಮ್ಮನೆ ಹೆದರಿಸ್ತೀರ." ಬೇಡ, ಓಡಬೇಡಿ. ಹೆಚ್ಚಿನ ಬೆನ್ನುನೋವು ಇದಲ್ಲ. ಅದು ಕೂತದ್ದರಿಂದ, ಎತ್ತಿದ್ದರಿಂದ ಬರುವಂಥದ್ದು, ತಾನಾಗಿ ಹೋಗುವಂಥದ್ದು. ಎಚ್‌ಎಲ್‌ಎ-ಬಿ27 ಅನ್ನುವ ಜೀನಿನ ಪರೀಕ್ಷೆಗೂ ಸುಮ್ಮನೆ ಹೋಗಬೇಡಿ. ಈ ಕಾಯಿಲೆಗೂ ಆ ಜೀನಿಗೂ ಇರುವ ನಂಟು 1973ರಲ್ಲಿ ಗೊತ್ತಾಯಿತು. ಆದರೆ ಆ ಜೀನ್ ಇರುವ ಹೆಚ್ಚಿನವರಿಗೆ ಈ ಕಾಯಿಲೆ ಯಾವತ್ತೂ ಬರುವುದಿಲ್ಲ, ಜೀನ್ ಇಲ್ಲದ ಕೆಲವರಿಗೆ ಬರುತ್ತದೆ.

ನಾನು ಕೇಳುತ್ತಿರುವುದು ಸ್ಕ್ಯಾನ್ ಅಲ್ಲ, ಪ್ರಶ್ನೆ. ನೋವು 45 ವಯಸ್ಸಿಗೆ ಮುಂಚೆ, ನಿಧಾನವಾಗಿ ಶುರುವಾಗಿ ಮೂರು ತಿಂಗಳು ದಾಟಿದೆಯಾ? ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆನ್ನು ಹಿಡಿದಿರುತ್ತಾ? ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತಾ? ಓಡಾಡಿದರೆ ಇಳಿದು, ಮಲಗಿದರೆ ಏರುತ್ತಾ? ಜೊತೆಗೆ ಕಣ್ಣು ಕೆಂಪಾಗಿ ನೋವಾದದ್ದು, ಹಿಮ್ಮಡಿ ನೋವು, ಸೋರಿಯಾಸಿಸ್, ಮನೆಯಲ್ಲಿ ಯಾರಿಗಾದರೂ ಇದೇ ಕಾಯಿಲೆ ಇದೆಯಾ? ಹೌದು ಹೌದು ಅಂತ ಬರುತ್ತಿದ್ದರೆ ಚೇರ್ ಬದಲಾಯಿಸುವುದನ್ನು ನಿಲ್ಲಿಸಿ, ರುಮಟಾಲಜಿಸ್ಟ್ ಹತ್ತಿರ ಹೋಗಿ. ಕಣ್ಣು ನೋವಿನ ಜೊತೆ ಕೆಂಪಾಗಿ ಬೆಳಕು ಚುಚ್ಚಿದರೆ ಅವತ್ತೇ ಕಣ್ಣಿನ ಡಾಕ್ಟ್ರಿಗೆ ತೋರಿಸಿ, ನನ್ನ ಹಾಗೆ ಎರಡು ದಿನ ಕೂರಬೇಡಿ. ಈ ಪ್ರಶ್ನೆಗಳಿಗೆ ಐದು ನಿಮಿಷ ಸಾಕು, ದುಡ್ಡು ಬೇಕಾಗಿಲ್ಲ. ನನಗೆ ಅವು ಸಿಗಲು ಆರು ವರ್ಷ ಬೇಕಾಯಿತು.

ಚಿಕ್ಕಮ್ಮನಿಗೆ ಅವತ್ತು ಫೋನಿನಲ್ಲೇ ಈ ಪ್ರಶ್ನೆಗಳನ್ನು ಕೇಳಿದೆ. ಮಗನನ್ನು ಕೇಳಿ ಕೇಳಿ ಉತ್ತರ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹುಡುಗನ್ನ ಹೆದರಿಸ್ಬೇಡ ಕಣೆ" ಅಂದರು. "ಅವನಿಗೆ ಹೆದರಿಕೆ ಇಲ್ಲ ಚಿಕ್ಕಮ್ಮ, ಹೆದರಿಕೆ ಇರೋದು ನಿಮಗೆ. ನಂಗೂ ಇದೆ" ಅಂದೆ. ಶನಿವಾರ ರೈಲಿನಲ್ಲಿ ಅವನನ್ನು ಕರೆದುಕೊಂಡು ಬಂದೆ. ತಿಪಟೂರಿನಿಂದ ಬೆಂಗಳೂರಿನವರೆಗೆ ಅಕ್ಕ ತಮ್ಮ ಇಬ್ಬರೂ ಸೀಟು ಬಿಟ್ಟು ಬಾಗಿಲ ಹತ್ತಿರ ನಿಂತಿದ್ದೆವು, ಆಗಾಗ ಆ ತುದಿಯಿಂದ ಈ ತುದಿಗೆ ನಡೆದೆವು. ಟಿಕೆಟ್ ನೋಡಲು ಬಂದವರು ಸೀಟಿದೆಯಲ್ಲ, ಕೂತ್ಕೊಳ್ಳಿ ಅಂದರು. ಇಬ್ಬರೂ ಬೇಡ ಅಂದೆವು.

ನಿನ್ನೆ ಮೆಸೇಜ್ ಹಾಕಿದಾನೆ. "ಅಕ್ಕಾ, ಎಂಆರ್‌ಐ ಆಯ್ತು. ರಿಪೋರ್ಟ್ ಮಂಗಳವಾರ. ಅಪ್ಪ ಬಯ್ಯೋದು ನಿಲ್ಸಿದಾರೆ." ರಿಪೋರ್ಟಿನಲ್ಲಿ ಏನಿರುತ್ತೋ ನೋಡಬೇಕು. ಏನೂ ಇಲ್ಲದಿದ್ದರೆ ಸಂತೋಷ, ಹೆದರಿಸಿದೆ ಅಂತ ಚಿಕ್ಕಪ್ಪ ನನ್ನನ್ನು ಬಯ್ಯಲಿ. ಇದ್ದರೆ, ಅವನಿಗೆ ಐದನೇ ತಿಂಗಳಲ್ಲೇ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ಆರು ವರ್ಷದ ಮೇಲೆ. ನಡುವಿನ ಆ ವ್ಯತ್ಯಾಸಕ್ಕಾಗಿಯೇ ಇಷ್ಟು ಜಗಳ.

ಬಸ್ಸಿನಲ್ಲಿ ಜಾಗ ಬೇಕಾದರೆ ಕೇಳಿ, ಸರಿದು ಕೂರ್ತೀನಿ. ಬೆನ್ನಿಗೆ ಮಾತ್ರ ಆ ಮಾತು ಹೇಳಬೇಡಿ. ನನಗೂ ಬೇಡ, ನಿಮ್ಮ ಮನೆಯಲ್ಲಿ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಏಳುತ್ತಿರುವವರಿಗೂ ಬೇಡ.